ಇಪ್ಪತ್ತಮೂರು ಹೆಸರಿಗೆ ಒಂದು ವಾಲ್ವ್

ಎಷ್ಟು ಗಾವುದ ದೂರ, ಯಾವ ದಿಕ್ಕು ಎಂದು ಕೇಳದಿದ್ದರೆ ಹೇಳುತ್ತೇನೆ: ಒಂದೂರಿತ್ತು, ಆ ಊರಿನ ಕೆರೆಯಲ್ಲಿ ನೀರಿಗಿಂತ ಜೊಂಡು ಹೆಚ್ಚಿತ್ತು, ಕೆರೆಯ ಏರಿಯ ಮೇಲೊಂದು ಕೋಣೆ, ಕೋಣೆಯೊಳಗೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೂರು ಗಾಜಿನ ಅರಮನೆ, ಒಂದೊಂದು ಅರಮನೆಯಲ್ಲೂ ಕೆಂಪಗೆ ಉರಿಯುವ ಒಂದೊಂದು ಎಳೆ. ಅಜ್ಜಿ ಇಷ್ಟು ಹೇಳಿ ನಿಲ್ಲಿಸುತ್ತಿದ್ದಳು. ‘ಆಮೇಲೆ?’ ಅಂದರೆ, ‘ಆಮೇಲೇನು, ಆ ಎಳೆ ಆರದ ಹಾಗೆ ನೋಡ್ಕೋಬೇಕು, ಮಲ್ಕೋ’ ಅನ್ನುತ್ತಿದ್ದಳು. ಆ ಊರು ನಮ್ಮದೇ ಎಂದು ನನಗೆ ತಿಳಿಯಲು ಏಳು ವರ್ಷ ಬೇಕಾಯಿತು. ಅರಮನೆಗಳನ್ನು ವಾಲ್ವ್ ಅನ್ನುತ್ತಾರೆ, ಪೆಟ್ಟಿಗೆಯನ್ನು ಆಂಪ್ಲಿಫೈಯರ್ ಅನ್ನುತ್ತಾರೆ ಎಂದು ತಿಳಿಯಲು ಇನ್ನೂ ಮೂರು ವರ್ಷ. ತಿಳಿದ ಮೇಲೂ ಮುಂದಿನ ಸಣ್ಣ ವಾಲ್ವಿನೊಳಗೆ ಯಾರೋ ಒಬ್ಬಳು ಕಂದೀಲು ಹಿಡಿದು ಕೂತಿದ್ದಾಳೆ ಎಂದೇ ನನಗೆ ಕಾಣುತ್ತಿತ್ತು.

ನಮ್ಮೂರಿನವರು ಚಾಪೆ ಹೆಣೆದು ಬದುಕುವವರು. ಬೆಳಗ್ಗೆ ಕುಡುಗೋಲು ಹಿಡಿದು ಜೊಂಡಿನೊಳಗೆ ಇಳಿಯುತ್ತಾರೆ. ಜೊಂಡು ಎರಡಾಳೆತ್ತರ. ಸಂಜೆ ಐದಕ್ಕೆ ಏರಿಯ ಮೇಲಿನ ಕೂಗುಕೋಣೆಯಿಂದ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಹೆಸರು ಕಿವಿಗೆ ಬಿದ್ದವರ ಕಾಲು ತಾನಾಗಿ ದಡದ ಕಡೆ ತಿರುಗುತ್ತದೆ. ಬೀಳದವರು ಕೊಯ್ಯುತ್ತಲೇ ಇರುತ್ತಾರೆ. ಹಸಿವಾದರೂ ಬಾಯಾರಿದರೂ ತಮಗೊಂದು ಮನೆಯಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಹಗಲು ಹೊತ್ತು ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅತ್ತೆ, ಮಾವ, ಮರಿ, ಎದುರುಮನೆಯವಳೇ, ಇವನೇ ಎಂದು ಹೇಗೋ ಸಾಗಿಸುತ್ತೇವೆ. ಹೆಸರನ್ನು ಸಂಜೆಗೆಂದು ಎತ್ತಿಡುತ್ತೇವೆ, ನಾಳೆಯ ಮೊಸರಿಗೆ ಹೆಪ್ಪು ಎತ್ತಿಟ್ಟ ಹಾಗೆ.

ಹೊತ್ತು ಮುಳುಗುವುದರೊಳಗೆ ಬಾರದವರಿಗೆ ಏನೂ ಆಗುವುದಿಲ್ಲ. ಮರುದಿನ ಬೆಳಗ್ಗೆ ಹೊರೆ ಹೊತ್ತು ತಾವೇ ಬರುತ್ತಾರೆ. ಮೈಮೇಲೊಂದು ಗೀರೂ ಇರುವುದಿಲ್ಲ. ಆದರೆ ನೆಂಟರಾಗಿ ಬರುತ್ತಾರೆ. ನನ್ನ ಅಪ್ಪ ಹಾಗೆ ಬಂದು ಒಂಬತ್ತು ವರ್ಷವಾಯಿತು. ಜಗುಲಿಯ ತುದಿಯಲ್ಲಿ ಕೂತು, ‘ತಾಯಿ, ಕುಡಿಯೋಕೆ ಒಂದು ಲೋಟ ನೀರು ಸಿಗಬಹುದಾ?’ ಎಂದು ಅಮ್ಮನನ್ನು ಕೇಳಿದರು. ಅಮ್ಮ ನೀರು ಕೊಟ್ಟಳು, ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ಅಂದಿನಿಂದ ಅಪ್ಪ ನಮ್ಮ ಮನೆಯಲ್ಲೇ ಇದ್ದಾರೆ, ಊಟ ಮುಗಿದಾಗಲೆಲ್ಲ ‘ನಿಮಗೆ ತೊಂದರೆ ಕೊಟ್ಟೆ’ ಅನ್ನುತ್ತಾರೆ. ಅಮ್ಮ ತೀರಿಕೊಂಡಾಗ ‘ಮನೆಯಾಕೆ ತುಂಬಾ ಒಳ್ಳೆಯವರಿದ್ದರು’ ಎಂದು ನನಗೂ ಅಕ್ಕನಿಗೂ ಸಮಾಧಾನ ಹೇಳಿದರು.

ಅಪ್ಪ ಜೊಂಡಿನೊಳಗೇ ಉಳಿದ ಆ ಸಂಜೆ ಕೂಗುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಕೂಗುವವರು ತಮ್ಮ ಮನೆಯವರ ಹೆಸರನ್ನು ಎಲ್ಲರಿಗಿಂತ ಕೊನೆಗೆ ಇಟ್ಟುಕೊಳ್ಳಬೇಕೆಂದು ಕಟ್ಟಳೆ. ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿದ್ದಾಗ ವಾಲ್ವ್ ಹೋಯಿತು. ಅದಾದ ಮೇಲೂ ಅಜ್ಜಿ ಒಂದು ಸಂಜೆಯೂ ತಪ್ಪಿಸದೆ ಕೂಗಿದಳು. ಹೋದ ಚಳಿಗಾಲದಲ್ಲಿ ಅವಳ ಗಂಟಲೇ ಕೂತುಹೋಯಿತು. ಉಳಿದದ್ದು ಒಂದು ಪಿಸುಮಾತು. ಅಮಾವಾಸ್ಯೆಯ ದಿನ ಮೈಕನ್ನು ನನ್ನ ಕೈಗಿಟ್ಟು, ‘ಒಂದು ಹೆಸರೂ ಒಳಗೆ ಉಳಿಸಲ್ಲ ಅಂತ ಹೇಳು’ ಎಂದಳು. ಹೇಳಿದೆ. ಒಮ್ಮೆ ಒಬ್ಬರ ಕೈಗೆ ಮೈಕು ಬಂದರೆ ಮುಂದಿನ ಅಮಾವಾಸ್ಯೆಯವರೆಗೆ ಜೊಂಡಿನೊಳಗಿನವರ ಕಿವಿಗೆ ಬೇರೆ ಯಾರ ಕೂಗೂ ಹತ್ತುವುದಿಲ್ಲ.

ಮೈಕು ನನ್ನ ಕೈಗೆ ಬಂದ ಹನ್ನೊಂದನೆಯ ದಿನ ಮಧ್ಯಾಹ್ನ ಪೆಟ್ಟಿಗೆಯ ಧೂಳು ಒರೆಸಲೆಂದು ಹೋದೆ. ಮುಂದಿನ ಸಣ್ಣ ವಾಲ್ವಿನ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗಿತ್ತು. ಗಾಜು ಬಿರುಕು ಬಿಟ್ಟು ಒಳಗೆ ಗಾಳಿ ಹೊಕ್ಕಿದೆ ಎಂಬುದಕ್ಕೆ ಅದೇ ಗುರುತು. ಕಂದೀಲು ಹಿಡಿದವಳು ಎದ್ದು ಹೋಗಿದ್ದಳು. ಬೆಳಗ್ಗೆ ಒಳಗೆ ಇಳಿದವರು ಇಪ್ಪತ್ತಮೂರು ಜನ. ಇಪ್ಪತ್ತಮೂರನೆಯ ಹೆಸರು ನನ್ನ ಅಕ್ಕನದು.

ರೇಡಿಯೋ ರಿಪೇರಿ ಮಾಡುವ ಜಬ್ಬಾರಣ್ಣನ ಅಂಗಡಿಗೆ ಬರಿಗಾಲಲ್ಲಿ ಓಡಿದೆ. ಅವರು ಊಟಕ್ಕೆ ಕೂತಿದ್ದರು. ನನ್ನ ಅಂಗೈಲಿದ್ದ ಬಿಳಿನೆತ್ತಿಯ ವಾಲ್ವನ್ನು ನೋಡಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ‘ಹಿಂದಿನ ದಪ್ಪ ಜೋಡಿ ಚೆನ್ನಾಗಿದೆಯಾ?’ ‘ಚೆನ್ನಾಗಿದೆ ಅಣ್ಣ.’ ‘ಹಾಗಾದ್ರೆ ಉಸಿರಾಡು. ಹಿಂದಿನವು ತಳ್ಳೋ ಎತ್ತು ಇದ್ದಂಗೆ, ಯಾವುದಾದ್ರೂ ನಡೆಯುತ್ತೆ. ದನಿ ಹೆಂಗಿರಬೇಕು ಅನ್ನೋದು ಮುಂದಿನ ಇದೊಂದರ ಕೈಲಿದೆ. ಇದನ್ನ ನೋಡಿ ಆರಿಸಬೇಕು.’ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಹತ್ತಿಯಲ್ಲಿ ಸುತ್ತಿದ್ದ ಎರಡು ವಾಲ್ವ್ ಇದ್ದವು. ಒಂದು ದಪ್ಪ ಗಾಜಿನದು, ಯಾವುದೋ ಹಳೆಯ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಬಂದದ್ದು. ಇನ್ನೊಂದು ಹೊಚ್ಚ ಹೊಸದು, ರಟ್ಟಿನ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ‘ಇಷ್ಟೇನಾ?’ ಅಂದೆ. ‘ಇಷ್ಟೇನಾ ಅಂದ್ರೆ? ಇವು ಬದನೆಕಾಯಾ, ಸಂತೇಲಿ ಗುಡ್ಡೆ ಹಾಕಿರೋಕೆ?’

ಕೂಗುಕೋಣೆಗೆ ಬಂದಾಗ ಅಜ್ಜಿ ಆಗಲೇ ಬಂದು ಬಾಗಿಲ ಬಳಿ ಕಂಬಳಿ ಹಾಸಿ ಕೂತಿದ್ದಳು. ಎದುರುಮನೆಯ ರುದ್ರಾಣಮ್ಮನೂ ಬಂದಿದ್ದರು. ಅವರ ಗಂಡ ಒಳಗಿದ್ದರು. ವಾಲ್ವನ್ನು ಪರೀಕ್ಷೆ ಮಾಡಬೇಕೆಂದರೆ ಯಾರದ್ದಾದರೂ ಹೆಸರು ಕೂಗಲೇಬೇಕು, ಸುಮ್ಮನೆ ಒಂದು ಎರಡು ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಹೆಸರಿನವರು ಏರಿಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಕಾಲು ತಾನಾಗಿ ತಿರುಗಿದರೆ ವಾಲ್ವ್ ಆದೀತು. ಹಗಲಲ್ಲಿ ಹೆಸರು ಖರ್ಚು ಮಾಡಲು ಯಾರೂ ಒಪ್ಪುವುದಿಲ್ಲ. ರುದ್ರಾಣಮ್ಮ ಸೆರಗು ಸಿಕ್ಕಿಸಿಕೊಂಡು, ‘ನನ್ನದೇ ಕೂಗು ಮರಿ. ಮದುವೆಯಾದ ಮೇಲೆ ಯಾರೂ ಕೂಗಿಲ್ಲ, ಹಂಗೇ ಹೊಸದಾಗಿದೆ’ ಎಂದು ಹೊರಟರು.

ಮೊದಲು ಮಿಲಿಟರಿಯದು. ಜಬ್ಬಾರಣ್ಣ ಅದರ ಒಂಬತ್ತು ಕಾಲನ್ನೂ ಬಟ್ಟೆಯಲ್ಲಿ ಒರೆಸಿ, ಸರಿಯಾಗಿ ಕೂರಿಸಿ, ಪೆನ್ಸಿಲಿನ ತುದಿಯಿಂದ ನೆತ್ತಿಗೊಮ್ಮೆ ತಟ್ಟಿದರು. ಕೋಣೆಯ ಚಾವಣಿಯ ಮೇಲಿನ ಧ್ವನಿವರ್ಧಕದ ಹಾರ್ನಿನಲ್ಲಿ ‘ಟಪ್’ ಎಂದಿತು, ಅಷ್ಟೇ. ‘ಗಂಟೆ ಬಾರಿಸಲಿಲ್ಲ ನೋಡು. ಬಂಡೆಗಲ್ಲು ಇದು’ ಎಂದು ಮೆಚ್ಚಿದರು. ಎಳೆ ಕೆಂಪಗಾಗುವವರೆಗೆ ಕಾದು, ‘ರುದ್ರಾಣೀ...’ ಎಂದು ಕೂಗಿದೆ. ದೂರದ ಬೆನ್ನು ಅಲುಗಲಿಲ್ಲ. ಮತ್ತೆ ಕೂಗಿದೆ. ಬೆನ್ನು ಒಂದು ಕೈಯನ್ನು ಮೇಲೆತ್ತಿತು. ಆಮೇಲೆ ತಾವಾಗಿಯೇ ನಡೆದು ಬಂದ ರುದ್ರಾಣಮ್ಮ, ‘ತವರೂರಿನ ಸ್ಕೂಲಲ್ಲಿ ಹಾಜರಿ ಕೂಗಿದಂಗಿತ್ತು ಕಣೇ. ಬಂದಿದೀನಿ ಸಾರ್ ಅಂತ ಕೈ ಎತ್ತಬೇಕು ಅನ್ನಿಸ್ತು. ಮನೆಗೆ ಹೋಗ್ಬೇಕು ಅಂತ ಮಾತ್ರ ಅನ್ನಿಸ್ಲಿಲ್ಲ’ ಎಂದರು.

ಆಮೇಲೆ ಹೊಸದು. ಡಬ್ಬಿಯಿಂದ ತೆಗೆದಾಗ ಅದು ಎಷ್ಟು ಚೆಂದವಿತ್ತೆಂದರೆ ನನಗೆ ಮುಟ್ಟಲು ಭಯವಾಯಿತು. ಕೂಗಿದೆ. ನನ್ನ ದನಿ ಕೆರೆಯ ಮೇಲೆ ಹರಡಿದ್ದನ್ನು ಕೇಳಿ ನಾನೇ ಬೆರಗಾದೆ. ಒಂದೊಂದು ಅಕ್ಷರವೂ ಈಗ ತಾನೆ ತೊಳೆದಿಟ್ಟ ಲೋಟದ ಹಾಗಿತ್ತು. ಇಷ್ಟು ಚೆಂದದ ದನಿ ನನ್ನ ಗಂಟಲಲ್ಲಿತ್ತೇ ಅನ್ನಿಸಿತು. ರುದ್ರಾಣಮ್ಮ ಗಿರಕ್ಕನೆ ತಿರುಗಿ ಓಡೋಡಿ ಬಂದರು. ‘ಅಯ್ಯೋ ನಿಲ್ಲಿಸ್ರೋ ನನ್ನ ಕಾಲ್ನ!’ ಎಂದು ನಗುತ್ತ ಬಂದು ಕೋಣೆಯ ಗೋಡೆಗೆ ಎರಡೂ ಕೈ ಕೊಟ್ಟು ನಿಂತರು. ಜಬ್ಬಾರಣ್ಣ ಗಡ್ಡ ನೇವರಿಸಿಕೊಂಡರು. ‘ಹೊಸದು ಹದಕ್ಕೆ ಬರೋಕೆ ನಾಲ್ಕು ದಿನ ಉರೀಬೇಕು. ಇದಿನ್ನೂ ಹರೇದ ಹುಡುಗಿ, ಕಂಡದ್ದನ್ನೆಲ್ಲ ಹೇಳ್ಬಿಡುತ್ತೆ.’ ಅಜ್ಜಿ ನನ್ನ ಕಡೆ ನೋಡಿದಳು. ಆರಿಸುವವಳು ನಾನು. ‘ಇದೇ ಇರಲಿ’ ಅಂದೆ. ಚೆಂದಕ್ಕೆ ಸೋತು ಅಂದೆ. ಬೇರೆ ಕಾರಣವಿತ್ತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಐದಕ್ಕೆ ಸರಿಯಾಗಿ ಶುರು ಮಾಡಿದೆ. ಮೊದಲ ಹೆಸರಿಗೆ ಜೊಂಡಿನ ನಡುವೆ ಒಂದು ಕಡೆ ತೆನೆಗಳು ಅಲುಗಿದವು, ಅಲುಗು ದಡದತ್ತ ಹರಿದು ಬಂತು, ಹೊರೆ ಹೊತ್ತ ಒಬ್ಬ ಮುದುಕ ಹೊರಗೆ ಬಿದ್ದ. ಎರಡನೆಯದಕ್ಕೆ ಒಬ್ಬಳು, ಮೂರಕ್ಕೆ ಅವಳ ನಾದಿನಿ. ಒಬ್ಬೊಬ್ಬರು ಬಂದಾಗಲೂ ಅಜ್ಜಿ ಒಂದೊಂದು ಹುಣಸೆಬೀಜವನ್ನು ಎಡದಿಂದ ಬಲಕ್ಕೆ ಸರಿಸಿದಳು. ಒಂಬತ್ತು ಬೀಜ ಸರಿದವು. ಹತ್ತನೆಯ ಹೆಸರಿಗೆ ಪಟ್ಟಿ ನೋಡಲು ಹೋದ ಕಣ್ಣು ಕೆಳಕ್ಕೆ ಜಾರಿ ಕೊನೆಯ ಸಾಲಿನಲ್ಲಿ ನಿಂತಿತು. ಸೋಮಲತೆ. ಅಷ್ಟು ಕೆಳಗೆ. ನಮ್ಮಜ್ಜಿ ಅಪ್ಪನ ಹೆಸರನ್ನು ಅಲ್ಲೇ ಬರೆದಿದ್ದಳು. ಹತ್ತನೆಯ ಹೆಸರು ರುದ್ರಾಣಮ್ಮನ ಗಂಡನದು. ‘ಚೆಲುವಯ್ಯಾ...’ ಎಂದೆ, ಆ ಕೊನೆಯ ಅಕ್ಷರ ನನ್ನ ಗಂಟಲಲ್ಲಿ ಸಣ್ಣಗೆ ನಡುಗಿತು. ಇಷ್ಟೇ ಇಷ್ಟು. ಹಳೆಯ ವಾಲ್ವಾಗಿದ್ದರೆ ಕೋಣೆಯಿಂದ ಆಚೆಗೇ ಹೋಗುತ್ತಿರಲಿಲ್ಲ. ಹೊಸದು ಆ ನಡುಕವನ್ನೂ ತೊಳೆದು ಹೊಳಪು ಮಾಡಿ ಕೆರೆಯ ಆಚೆ ದಡದವರೆಗೂ ಎಸೆಯಿತು.

ಜೊಂಡು ಅಲುಗುವುದು ನಿಂತುಹೋಯಿತು. ಗಾಳಿಯೊಂದೇ ಓಡಾಡುತ್ತಿತ್ತು. ‘ಕೂತ್ಬಿಟ್ರು’ ಎಂದರು ರುದ್ರಾಣಮ್ಮ. ಅವರ ಮುಖದಲ್ಲಿ ನಗು ಇರಲಿಲ್ಲ. ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ಕೂಗುವವರ ದನಿ ನಡುಗಿದರೆ ಮೇಲಿನ ಕೆರೆಯಿಂದ ನೀರು ಬಿಟ್ಟಿದ್ದಾರೆ ಎಂದರ್ಥ, ಇದ್ದಲ್ಲೇ ಜೊಂಡಿನ ಬುಡ ಹಿಡಿದು ಕೂರಬೇಕು, ದನಿ ಗಟ್ಟಿಯಾಗುವವರೆಗೆ ಏಳಬಾರದು. ಎರಡು ಸಲ ಹಾಗೆ ಕೂತೇ ಊರು ಉಳಿದಿತ್ತು. ಈಗ ಬಾರದ ನೀರಿಗೆ ಹೆದರಿ ಹದಿನಾಲ್ಕು ಜನ ಕೂತಿದ್ದರು. ಗಟ್ಟಿಯಾಗಿ ಕೂಗಬೇಕೆಂದು ಹೋದಷ್ಟೂ ನಡುಕ ಹೆಚ್ಚಾಯಿತು. ಐದು ಸಲ ಕೂಗಿದೆ. ಐದನೆಯ ಸಲಕ್ಕೆ ನಾನು ಉಸಿರು ಎಳೆದುಕೊಂಡದ್ದೂ ಹಾರ್ನಿನಲ್ಲಿ ಕೇಳಿಸಿತು.

‘ಮಿಲಿಟರಿದು ಹಾಕಲಾ?’ ಎಂದರು ಜಬ್ಬಾರಣ್ಣ. ‘ಹಾಕಿ, ಎಲ್ಲರೂ ಕೂತಲ್ಲೇ ಕೈ ಎತ್ತಲಿ’ ಎಂದು ರುದ್ರಾಣಮ್ಮ ಸಿಡುಕಿದರು. ‘ನಾನೇ ಒಳಗೆ ಹೋಗಿ ಎಳ್ಕೊಂಡು ಬರ್ತೀನಿ ನಮ್ಮೆಜಮಾನ್ರನ್ನ.’ ‘ಹೋಗಮ್ಮ. ಆಮೇಲೆ ನಿನ್ನದೂ ಸೇರಿ ಹದಿನೈದಾಗುತ್ತೆ.’ ‘ನಿಮ್ಮ ಡಬ್ಬದಲ್ಲಿ ಎರಡೇ ಎರಡಿತ್ತು ನೋಡಿ, ಅದಕ್ಕೇ ಇಷ್ಟು ಮಾತು!’ ಅಜ್ಜಿ ಕೈ ಎತ್ತಿದಳು, ಇಬ್ಬರೂ ಸುಮ್ಮನಾದರು. ‘ನಿನ್ನ ಭಯಾನೂ ಹೆಸರಿನ ಜೊತೆ ಹೊರಗೆ ಹೋಗ್ತಿದೆ ಮಗಾ’ ಎಂದು ಅಜ್ಜಿ ಪಿಸುಗುಟ್ಟಿದಳು. ‘ಭಯ ನಿಲ್ಲಿಸೋದು ಹೇಗಜ್ಜಿ?’ ‘ನಿಲ್ಲಲ್ಲ. ನನಗೆ ಮೂವತ್ತೆಂಟು ವರ್ಷ ನಿಲ್ಲಲಿಲ್ಲ.’ ಇದನ್ನು ಅವಳು ಯಾವ ಕಥೆಯಲ್ಲೂ ಹೇಳಿರಲಿಲ್ಲ. ಕೆರೆಯ ಆಚೆ ಹೊತ್ತು ಹುಣಸೆಮರದ ನೆತ್ತಿಗೆ ಇಳಿದಿತ್ತು. ಅದು ಬುಡಕ್ಕೆ ಬಂದರೆ ಮುಗಿಯಿತು.

ಹಾರ್ನು ಸುಮ್ಮನಾಗಿದ್ದರಿಂದ ಬೇರೆ ಸದ್ದುಗಳು ಕೇಳಿಸತೊಡಗಿದವು. ಏರಿಯ ಕೆಳಗೇ ನಮ್ಮ ಮನೆ. ಜಗುಲಿಯಲ್ಲಿ ಅಪ್ಪ ರೇಡಿಯೋ ಹಾಕಿಕೊಂಡು ಕೂತಿದ್ದರು. ಎಲ್ಲೋ ಸೇತುವೆ ಕುಸಿದದ್ದನ್ನು, ಎಷ್ಟೋ ಜನ ಸಿಕ್ಕಿಲ್ಲದ್ದನ್ನು ವಾರ್ತೆಯವರು ಓದುತ್ತಿದ್ದರು. ಅದೇ ವಾರ್ತೆ ಏರಿಯ ಈ ಬದಿಯ ಚಹಾ ಅಂಗಡಿಯ ಹೊಸ ರೇಡಿಯೋದಲ್ಲೂ ಬರುತ್ತಿತ್ತು. ಅಲ್ಲಿ ಆ ದನಿ ಚೂರಿಯ ಹಾಗೆ ಕೊಯ್ಯುತ್ತಿತ್ತು. ನಮ್ಮ ಜಗುಲಿಯಲ್ಲಿ ಅದೇ ಮನುಷ್ಯ ಎಲೆಯಡಿಕೆ ಹಾಕಿಕೊಂಡು ನೆರೆಮನೆಯ ಸುದ್ದಿ ಹೇಳಿದ ಹಾಗಿತ್ತು. ಮಾತು ಅದೇ, ಅಂಚು ಮಾತ್ರ ಸವೆದಿತ್ತು. ‘ಅಣ್ಣ, ನಮ್ಮಪ್ಪನ ರೇಡಿಯೋದೊಳಗೆ ಏನಿದೆ?’ ಅಂದೆ. ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ‘ಒಂಬತ್ತು ಕಾಲಿನದೇ ಇದೆ. ನಾನೇ ಹಾಕಿದ್ದು. ಬ್ಯಾಡ ಮರಿ. ಅದು ದಿನಕ್ಕೆ ಹತ್ತು ಗಂಟೆ ಉರಿದೂ ಉರಿದೂ ಹಣ್ಣಾಗಿದೆ. ಇವತ್ತೋ ನಾಳೆಯೋ ಅನ್ನೋ ಜೀವ. ಇಷ್ಟು ದೊಡ್ಡ ಪೆಟ್ಟಿಗೆಗೆ ಹಾಕಿದ್ರೆ ಮಧ್ಯದಲ್ಲೇ ಕೈ ಕೊಡುತ್ತೆ. ಆಗ ಉಳಿಯೋದು ಯಾರು ಗೊತ್ತಲ್ಲ?’

ಗೊತ್ತಿತ್ತು. ಕಟ್ಟಳೆ ಮುರಿದು ಅಕ್ಕನನ್ನು ಮೊದಲು ಕೂಗಿಬಿಡಲೇ ಎಂದು ಅನ್ನಿಸಿತು. ಮೊದಲ ಉಸಿರಿಗೆ ಅವಳನ್ನು ಕರೆದುಕೊಂಡರೆ ಆಮೇಲೆ ವಾಲ್ವ್ ಇರಲಿ ಹೋಗಲಿ. ರುದ್ರಾಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಉಗುರಿನಿಂದ ಅದರ ಬಣ್ಣ ಕೆರೆಯುತ್ತಿದ್ದರು. ನಾನು ಮನೆಗೆ ಓಡಿದೆ.

ಅಪ್ಪನಿಗೆ ನಾನು ಸರಿಯಾಗಿ ಹೇಳಲೂ ಇಲ್ಲ. ‘ಯಜಮಾನರೇ, ನಿಮ್ಮ ರೇಡಿಯೋ ಬಿಚ್ಚಬೇಕು’ ಅಂದೆ. ಹಾಗೇ ಅನ್ನುವುದು ಅವರಿಗೆ ಹಿತ. ಅವರು ತಕ್ಷಣ ಆರಿಸಿದರು. ‘ಅದಕ್ಕೇನಂತೆ ತಾಯಿ, ನಿಮ್ಮ ಮನೆಯದೇ ತಾನೆ.’ ಹಿಂದಿನ ರಟ್ಟು ತೆಗೆದು, ವಾಲ್ವನ್ನು ತಮ್ಮ ಟವೆಲಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ಎಳೆದರು. ನನ್ನ ಕೈಗೆ ಕೊಡಲಿಲ್ಲ. ‘ಬಿಸಿ ಇದೆ, ನೀವು ಗಾಬರಿಯಲ್ಲಿದ್ದೀರಿ’ ಎಂದು ತಾವೇ ಹಿಡಿದುಕೊಂಡು ಏರಿ ಹತ್ತಿದರು. ಬಿಡುವಿದ್ದಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದೆ.

ಅದರ ಗಾಜು ಹೊಗೆ ಹಿಡಿದ ಚಿಮಣಿಯಂತಿತ್ತು. ಮೇಲಿನ ನಂಬರು ಅಳಿಸಿಹೋಗಿತ್ತು. ಜಬ್ಬಾರಣ್ಣ ಪೆನ್ಸಿಲಿನಿಂದ ತಟ್ಟಲು ಹೋಗಿ ಕೈ ಹಿಂತೆಗೆದರು. ‘ತಟ್ಟೋದು ಬ್ಯಾಡ. ಇದ್ದಷ್ಟು ಇರಲಿ.’ ಎಳೆ ಬೆಚ್ಚಗಾಗಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಹೊತ್ತು ಹುಣಸೆಮರದ ಕೊಂಬೆಗಳೊಳಗೆ ಹೊಕ್ಕಿತು. ನಾನು ಪಟ್ಟಿಯನ್ನು ಮಡಿಸಿ, ಕೊನೆಯ ಸಾಲು ಕಾಣದಂತೆ ಮಾಡಿ, ಹತ್ತನೆಯ ಹೆಸರಿನ ಮೇಲೆ ಬೆರಳಿಟ್ಟೆ. ‘ಚೆಲುವಯ್ಯಾ...’ ದನಿ ನಡುಗಿತು, ನನಗೆ ಗೊತ್ತಾಯಿತು. ಆದರೆ ಹಾರ್ನಿನಿಂದ ಹೊರಟದ್ದು ಬೇರೆ ಯಾರದೋ ಎಂಬಂತಿತ್ತು. ನಡುಕ ಅದರೊಳಗೆ ಕರಗಿ, ಅಡುಗೆಮನೆಯಿಂದ ಊಟಕ್ಕೆ ಕರೆದಷ್ಟು ಮೆತ್ತಗೆ ಹೋಯಿತು. ಸ್ವಲ್ಪ ಮಬ್ಬು, ಸ್ವಲ್ಪ ಗೊಗ್ಗರು. ಚೆಂದವೇನೂ ಇರಲಿಲ್ಲ.

ಜೊಂಡು ಸುಮ್ಮನಿತ್ತು. ಆಮೇಲೆ ಎಡಬದಿಗೆ ಒಂದು ತೆನೆ ಬಾಗಿತು. ಅದರ ಪಕ್ಕ ಇನ್ನೊಂದು. ಚೆಲುವಯ್ಯ ಮಾವ ಮಂಡಿಯವರೆಗೆ ಕೆಸರಾಗಿ ಹೊರಗೆ ಬಂದು, ‘ನೀರು ಎಲ್ಲೇ?’ ಎಂದು ಹೆಂಡತಿಯನ್ನು ಕೇಳಿದರು. ‘ನೀರು ನಿಮ್ಮ ತಲೇಲಿ! ಈ ಕಡೆ ಬನ್ನಿ ಮೊದಲು’ ಎಂದು ರುದ್ರಾಣಮ್ಮ ಅವರ ತೋಳು ಹಿಡಿದು ಎಳೆದುಕೊಂಡರು. ಹನ್ನೊಂದು. ಹನ್ನೆರಡು. ಬಂದವರು ಮನೆಗೆ ಹೋಗದೆ ಏರಿಯ ಮೇಲೆ ಸಾಲಾಗಿ ನಿಂತರು. ಹದಿನೇಳನೆಯ ಹೆಸರಿಗೆ ಹಾರ್ನಿನಲ್ಲಿ ಚಟಚಟ ಎಂದು ಹುರಿಗಡಲೆ ಹುರಿದ ಸದ್ದು ಶುರುವಾಯಿತು. ಜಬ್ಬಾರಣ್ಣ ತಮ್ಮ ಟೋಪಿ ತೆಗೆದು ಪೆಟ್ಟಿಗೆಗೆ ಗಾಳಿ ಹಾಕತೊಡಗಿದರು. ಹದಿನೆಂಟನೆಯ ಹೆಸರು ಅರ್ಧ ಸುಟ್ಟು ಹೊರಗೆ ಹೋಯಿತು, ಆದರೂ ಅವನು ಬಂದ. ಹತ್ತೊಂಬತ್ತಕ್ಕೆ ಇಬ್ಬರು ಒಟ್ಟಿಗೆ ಬಂದರು, ಅಣ್ಣತಮ್ಮಂದಿರು, ಒಬ್ಬನ ಹೆಸರನ್ನೇ ಇಬ್ಬರೂ ಹಿಡಿದುಕೊಂಡು. ಅಜ್ಜಿಯ ಕೈಯಿಂದ ಒಂದು ಹುಣಸೆಬೀಜ ಜಾರಿ ಕಂಬಳಿಯಡಿ ಹೋಯಿತು, ಅವಳು ಹುಡುಕಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು.

ಪಟ್ಟಿಯನ್ನು ಬಿಚ್ಚಿದೆ. ಎಳೆಯ ಕೆಂಪು ಮಂಕಾಗುತ್ತ ಬಂದಿತ್ತು, ಊದುಬತ್ತಿಯ ತುದಿಯಷ್ಟೂ ಇರಲಿಲ್ಲ. ‘ಈಗ್ಲೇ. ಈಗ್ಲೇ ಕೂಗು’ ಎಂದರು ಜಬ್ಬಾರಣ್ಣ. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಹುಣಸೆಮರದ ಬುಡದಲ್ಲಿ ಹೊತ್ತು ಒಂದು ಹೆಬ್ಬೆರಳಿನಷ್ಟು ಉಳಿದಿತ್ತು. ಅಜ್ಜಿ ಎದ್ದು ಬಂದು ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟಳು. ಅವಳ ಕೈಯೂ ನಡುಗುತ್ತಿತ್ತು. ಆ ನಡುಗುವ ಕೈ ಮೂವತ್ತೆಂಟು ವರ್ಷ ಇದೇ ಮೈಕನ್ನು ಹಿಡಿದಿತ್ತು. ಹೆದರುತ್ತಲೇ ಕೂಗಿದೆ. ‘ಸೋಮಲತಾ...’ ಕೊನೆಯ ‘ತಾ’ ಕೆರೆಯ ಮೇಲೆ ಉದ್ದಕ್ಕೆ ಹೋಗುತ್ತಿದ್ದಂತೆ ಪೆಟ್ಟಿಗೆಯೊಳಗೆ ‘ಟಿಣ್’ ಎಂದಿತು. ಎಳೆ ಆರಿತು.

ಜೊಂಡಿನ ತುದಿಗಳ ಮೇಲಿನ ಕೇಸರಿ ಬಣ್ಣ ಒಂದೊಂದಾಗಿ ಆರುತ್ತಿತ್ತು. ನಾನು ಎಣಿಸತೊಡಗಿದೆ, ಎಷ್ಟಕ್ಕೆ ನಿಲ್ಲಿಸಬೇಕೆಂದು ಗೊತ್ತಿಲ್ಲದೆ. ನಲವತ್ತು ದಾಟಿದಾಗ ಬಲಗಡೆ, ನಾವು ಯಾರೂ ನೋಡದಿದ್ದ ಕಡೆ, ನೀರು ಸದ್ದು ಮಾಡಿತು. ಎಲ್ಲರಿಗಿಂತ ದೊಡ್ಡ ಹೊರೆ ಹೊತ್ತು, ಕತ್ತು ಒಂದು ಬದಿಗೆ ವಾಲಿಸಿಕೊಂಡು ಅಕ್ಕ ಜೊಂಡಿನಿಂದ ಈಚೆ ಬಂದಳು. ಏರಿಯ ಮೇಲೆ ಸಾಲಾಗಿ ನಿಂತ ಊರನ್ನು ನೋಡಿದಳು, ನನ್ನನ್ನು ನೋಡಿದಳು.

‘ಏನೇ, ಬೊಂಬೆ ಥರ ನಿಂತಿದೀಯ? ಹಿಡ್ಕೊಳ್ಳೇ ಇದನ್ನ, ಕತ್ತು ಮುರಿದುಹೋಯ್ತು’ ಎಂದಳು. ನಾನು ಏರಿಯಿಂದ ಜಾರಿಕೊಂಡೇ ಇಳಿದು ಅವಳ ಹೊರೆಯನ್ನು ನನ್ನ ತಲೆಗೆ ಹೊತ್ತುಕೊಂಡೆ.